ರತ್ನಗಂಬಳಿಗೆ ಹತ್ತು ದಿನ

ಮಾರ್ಚ್ 4, ಸಂಜೆ 6.30

ಇವತ್ತೂ ಹದಿನಾರು ಪರದೆ ಹೊಲಿದೆ. ಎಲ್ಲಾ ಬೂದಿ ಬಣ್ಣ. ಈ ಊರಿನವರಿಗೆ ಏನಾಗಿದೆಯೋ — ಗೋಡೆ ಬೂದಿ, ಸೋಫಾ ಬೂದಿ, ಕಿಟಕಿಗೂ ಬೂದಿಯೇ ಬೇಕಂತೆ. ನನ್ನ ಮುಖವೂ ಅದೇ ಶೇಡಿಗೆ ತಿರುಗ್ತಾ ಇದೆ ಅಂತ ಅಂಗಡಿ ಓನರ್‌ಗೆ ಹೇಳಿದೆ. ನಗಲಿಲ್ಲ.

ಬರುವಾಗ ಬಸ್ ತಪ್ಪಿತು. ತಪ್ಪಿದ್ದೇ ಒಳ್ಳೆಯದಾಯಿತು! ಹಳೇ ಸಾಮಾನಿನ ಅಂಗಡಿ ಮುಂದೆ ನಡೆದು ಬಂದೆ. ಬಾಗಿಲಿಗೆ ಒಂದು ರತ್ನಗಂಬಳಿ ಇಳಿಬಿಟ್ಟಿದ್ದರು. ಕೈಯಲ್ಲೇ ನೇಯ್ದದ್ದು, ಅರವತ್ತು ವರ್ಷ ಹಳೆಯದಂತೆ. ಕೆಂಪು ಅಂದರೆ ಎಂಥ ಕೆಂಪು... ಈಗಷ್ಟೇ ಒಡೆದ ದಾಳಿಂಬೆ. ಅಂಚಿಗೆ ನೀಲಿ ಬಳ್ಳಿ. ಎಡಗಡೆ ಹೂವಿಗೆ ಐದು ದಳ, ಬಲಗಡೆ ಹೂವಿಗೆ ಆರು. ನಮ್ಮ ಅಂಗಡಿಯ ಮೆಷೀನ್ ಕಾರ್ಪೆಟ್‌ಗಳಲ್ಲಿ ಒಂದನ್ನು ನೋಡಿದರೆ ನೂರನ್ನು ನೋಡಿದ ಹಾಗೆ. ಇದನ್ನು ನೇಯ್ದ ಕೈಗೆ ಆ ಹೊತ್ತಿಗೆ ಆರನೇ ದಳ ಬೇಕೆನಿಸಿದೆ, ಹಾಕಿದೆ.

ಮುಟ್ಟಿದೆ. ಅಷ್ಟೇ, ಮುಗೀತು ನನ್ನ ಕಥೆ.

ಅಂಗಡಿಯವರು ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಹಿರಿಯರು. "ಇಲ್ಲಿ ನೋಡಿ ತಗೋಬೇಡಿಮ್ಮ. ಮನೇಲಿ ಹಾಸಿ, ಹತ್ತು ದಿನ ಓಡಾಡಿ. ಬೇಡ ಅನ್ಸಿದ್ರೆ ನಾನೇ ಬಂದು ಸುತ್ಕೊಂಡು ಹೋಗ್ತೀನಿ" ಅಂದರು. ಎಲ್ಲರಿಗೂ ಹೀಗೇ ಕೊಡುತ್ತಾರಂತೆ. ನಾಳೆಯೇ ಕಳಿಸುತ್ತಾರೆ.

ಅಕ್ಕನಿಗೆ ಇನ್ನೂ ಹೇಳಿಲ್ಲ.

ಮಾರ್ಚ್ 5

ಬಂತು! ಇಬ್ಬರು ಹೊತ್ತು ತಂದರು. ಆರು ಅಡಿ, ಒಂಬತ್ತು ಅಡಿ. ಹಾಲ್‌ಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿದೆ. ಬಾಗಿಲ ಪಕ್ಕದ ನನ್ನ ಬೆತ್ತದ ಕುರ್ಚಿಯಲ್ಲಿ ಕೂತು ನೋಡಿದೆ, ನೋಡಿದೆ, ಟೀ ತಣ್ಣಗಾಗುವವರೆಗೂ ನೋಡಿದೆ. ಇಷ್ಟು ದಿನ ಹಾಲ್ ಥೇಟ್ ಆಸ್ಪತ್ರೆಯ ವೇಟಿಂಗ್ ರೂಮು. ಈಗ ಮನೆ.

ಅಕ್ಕ ಕಿಟಕಿ ಪಕ್ಕ ತನ್ನ ಕುರ್ಚಿಯಲ್ಲಿ ಕೂತು ಕನ್ನಡಕ ಏರಿಸಿದಳು.

"ಏನೇ ಇದು, ಒಣಗಿದ ಮಣ್ಣಿನ ಬಣ್ಣ?"

"ಮಣ್ಣಾ? ಕೆಂಪು ಕಣೇ ಅಕ್ಕ!"

"ಎಲ್ಲಿ ಕೆಂಪು? ಬಿಸಿಲಲ್ಲಿ ಬಿದ್ದು ಬಿದ್ದು ಬಿಳಿಚಿಕೊಂಡಿದೆ. ನಿನಗೆ ಯಾರೋ ಚೆನ್ನಾಗಿ ಟೋಪಿ ಹಾಕಿದ್ದಾರೆ."

ಜತೆಗೆ ಆ ಹಳೇ ರಾಗ: "ಬಾಡಿಗೆ ಮನೆಗೆ ಇದೆಲ್ಲ ಯಾಕೆ? ನಾನು ತಾನೇ ಇಲ್ಲಿ ಎಷ್ಟು ದಿನ ಇರ್ತೀನಿ?"

ಭಾವ ತೀರಿಕೊಂಡ ಮೇಲೆ ಎರಡು ತಿಂಗಳು ಇದ್ದು ಹೋಗುತ್ತೇನೆ ಅಂತ ಬಂದವಳು. ಹನ್ನೊಂದು ವರ್ಷವಾಯಿತು. ಒಂದು ಹೂಕುಂಡ ತರಲಿಲ್ಲ, ಗೋಡೆಗೆ ಒಂದು ಮೊಳೆ ಹೊಡೆಯಲು ಬಿಡಲಿಲ್ಲ. ಇನ್ನೂ ಬಂದು ಹೋಗುವವಳ ಹಾಗೇ ಇದ್ದಾಳೆ. ಅದೇ ನನ್ನನ್ನು ತಿನ್ನುವುದು. ಈ ಗಂಬಳಿ ಉಳಿದರೆ ಅವಳೂ ಉಳಿದ ಹಾಗೆ ಅಂತ ಯಾಕೋ ಅನ್ನಿಸಿಬಿಟ್ಟಿದೆ. ಹುಚ್ಚು. ಇರಲಿ.

ಆದರೆ ಹಾಲ್ ಇಬ್ಬರದು, ಒಬ್ಬಳು ಬೇಡ ಅಂದರೆ ಬೇಡ — ಮೊದಲಿನಿಂದ ಇರುವ ಕರಾರು. ಹದಿನೈದಕ್ಕೆ ಅಂಗಡಿಯವರು ಬರುತ್ತಾರೆ. ಅಷ್ಟರಲ್ಲಿ ಅಕ್ಕನನ್ನು ಒಪ್ಪಿಸಬೇಕು.

ಮಾರ್ಚ್ 6

ಬೆಳಿಗ್ಗೆ ಎದ್ದವಳೇ ಹಾಲ್‌ಗೆ ಓಡಿದೆ. ಕಣ್ಣು ಮುಚ್ಚಿ ಬರಿಗಾಲಲ್ಲಿ ನಾಲ್ಕು ಸುತ್ತು. ಐವತ್ತೇಳು ವಯಸ್ಸು ಅಂತ ಯಾರಾದರೂ ಹೇಳಬೇಕು ನನಗೆ.

ಇವತ್ತೂ ಅದೇ ಜಗಳ. ನಾನು ಕೆಂಪು, ಅವಳು ಮಣ್ಣು. "ಕಣ್ಣು ತೋರಿಸ್ಕೋ" ಅಂದಳು. ತಮಾಷೆಗೇ ಅಂದದ್ದು, ಆದರೂ ಹೆದರಿದೆ. ಬಟ್ಟೆಯ ಬಣ್ಣಕ್ಕೆ ದಾರ, ಲೈನಿಂಗ್ ಹೊಂದಿಸಿ ತಿನ್ನುವ ಅನ್ನ ನನ್ನದು. ಕೆಲಸಕ್ಕೆ ಹೋದವಳೇ ಕೆಂಪು ದಾರದ ಉಂಡೆಗಳನ್ನೆಲ್ಲ ಸುರಿದು ತಿಳಿಯಿಂದ ಗಾಢಕ್ಕೆ ಜೋಡಿಸಿದೆ. ಇಪ್ಪತ್ತೆರಡೂ ಸರಿ. ಹೋದ ಜೀವ ಬಂತು.

ಆಮೇಲೆ ಇನ್ನೊಂದು ಯೋಚನೆ. ನನ್ನ ಕಣ್ಣು ಸರಿಯಿದ್ದರೆ... ಅಕ್ಕನದು?

ಮಾರ್ಚ್ 7

ಹೇಳಬಾರದಿತ್ತು. ಹೇಳಿಬಿಟ್ಟೆ.

"ಅಕ್ಕ, ಪೊರೆ ಬಂದಿರಬಹುದು, ಒಂದ್ಸಲ ಡಾಕ್ಟ್ರ ಹತ್ರ —"

"ಮೂವತ್ತೈದು ವರ್ಷ ಲ್ಯಾಬಲ್ಲಿ ಮೈಕ್ರೋಸ್ಕೋಪಲ್ಲಿ ರಕ್ತದ ಕಣ ಎಣಿಸಿದ್ದೀನಿ. ಒಂದು ಕಣ ಹೆಚ್ಚಿಲ್ಲ, ಕಮ್ಮಿಯಿಲ್ಲ. ನನ್ನ ಕಣ್ಣಿಗೆ ಹೆಸರಿಡ್ತೀಯಾ?"

ಮುಖ ಊದಿಸಿಕೊಂಡು ರೂಮಿಗೆ ಹೋದಳು. ಅವಳ ರೂಮೂ ಕಿಟಕಿಯ ಕಡೆಯೇ. ಬಾಗಿಲು ಹಾಕಿದ ಸದ್ದಿಗೆ ಕ್ಯಾಲೆಂಡರ್ ಅಲ್ಲಾಡಿತು.

ಮಾರ್ಚ್ 10

ಮೂರು ದಿನ ಮಾತಿಲ್ಲ. ಉಪ್ಪು ಬೇಕಾದರೂ ಎದ್ದು ಬಂದು ತಾನೇ ತೆಗೆದುಕೊಳ್ಳುತ್ತಾಳೆ. ಇನ್ನು ಐದು ದಿನ. ಗಂಬಳಿ ನೋಡಿದರೆ ಖುಷಿ, ಅಕ್ಕನನ್ನು ನೋಡಿದರೆ ಸಂಕಟ. ಕೊಟ್ಟು ಕೈತೊಳೆದುಕೊಳ್ಳೋಣ ಅಂತಲೂ ಅನ್ನಿಸಿತು. ಮತ್ತೆ ಬೆತ್ತದ ಕುರ್ಚಿಯಲ್ಲಿ ಕೂತೆ... ಊಹೂಂ. ಆಗಲ್ಲ.

ಮಾರ್ಚ್ 11, ಮಧ್ಯಾಹ್ನ 3

ನಮ್ಮ ಪರದೆ ಅಂಗಡಿಯಿಂದಲೇ ಬರೆಯುತ್ತಿದ್ದೇನೆ, ಬಿಲ್ಲಿನ ಹಿಂದೆ. ಮನೆಗೆ ಹೋಗಿ ಅಂಟಿಸುತ್ತೇನೆ.

ಒಬ್ಬ ಕಸ್ಟಮರ್ ಈಗಷ್ಟೇ ವೆಲ್ವೆಟ್ ಪರದೆ ತಂದು ಕೌಂಟರ್ ಮೇಲೆ ಎಸೆದರು. ಒಂದು ಹಸಿರು, ಇನ್ನೊಂದು ಪಾಚಿ, ಎರಡು ಬಣ್ಣದ ಬಟ್ಟೆ ಕೊಟ್ಟಿದ್ದೀರಿ ಅಂತ. ಓನರ್ ಬೆವರುತ್ತಿದ್ದಾರೆ. ನಾನು ಮೆಷೀನಿನಿಂದ ತಲೆಯೆತ್ತದೆ ಹೇಳಿದೆ, "ಬಟ್ಟೆ ಒಂದೇ ಸಾರ್. ನಮ್ಮ ಕತ್ತರಿ ಮೇಷ್ಟ್ರು ಒಂದು ಪೀಸ್ ತಲೆಕೆಳಗು ಕಟ್ ಮಾಡಿದ್ದಾರೆ. ವೆಲ್ವೆಟ್ ಎಳೆ ಒಂದೇ ಕಡೆಗೆ ಮಲಗಿರುತ್ತೆ. ಈ ಕಡೆಯಿಂದ ನೋಡಿದರೆ ಗಾಢ, ಆ ಕಡೆಯಿಂದ ನೋಡಿದರೆ —"

ನಮ್ಮ ಹಾಲ್‌ನ ಗಂಬಳಿ ಕಣ್ಣ ಮುಂದೆ ಬಂತು.

ಇಪ್ಪತ್ತಾರು ವರ್ಷ ವೆಲ್ವೆಟ್ ಹೊಲಿದಿದ್ದೇನೆ. ಇಪ್ಪತ್ತಾರು! ನನ್ನಂಥ ಬೆಪ್ಪುತಕ್ಕಡಿ ಇನ್ನೊಬ್ಬಳಿಲ್ಲ. ತಲೆನೋವು ಅಂತ ಸುಳ್ಳು ಹೇಳಿ ಹೊರಡುತ್ತಿದ್ದೇನೆ.

ಅದೇ ದಿನ, ಸಂಜೆ 5.30

ಬಂದವಳೇ ಚಪ್ಪಲಿ ಎಲ್ಲಿ ಬಿಟ್ಟೆನೋ ಗೊತ್ತಿಲ್ಲ. ಗಂಬಳಿಯ ಮೇಲೆ ಮಂಡಿಯೂರಿ ಅಂಗೈ ಆಡಿಸಿದೆ. ಬಾಗಿಲ ಕಡೆಗೆ ಸವರಿದರೆ ನುಣುಪು. ಕಿಟಕಿ ಕಡೆಗೆ ಸವರಿದರೆ ಒರಟು. ಎಳೆಗಳೆಲ್ಲ ನನ್ನ ಕುರ್ಚಿಯ ಕಡೆಗೇ ಮುಖ ಮಾಡಿ ಮಲಗಿವೆ.

ಸೀದಾ ಹೋಗಿ ಅಕ್ಕನ ಕುರ್ಚಿಯಲ್ಲಿ ಕೂತೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ, ಅಲ್ಲಿ ಬೇರೆ ಯಾರೂ ಕೂರುವ ಹಾಗಿಲ್ಲ. ನೋಡಿದೆ. ಮಣ್ಣು. ಒಣಗಿದ, ಬಿಳಿಚಿಕೊಂಡ, ಜೀವವಿಲ್ಲದ ಮಣ್ಣು. ಅಕ್ಕ ಒಂದಕ್ಷರ ಸುಳ್ಳು ಹೇಳಿರಲಿಲ್ಲ.

ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಕ್ಕ ಓಡಿ ಬಂದಳು.

"ಏನಾಯ್ತೇ? ನನ್ನ ಕುರ್ಚೀಲಿ ಯಾಕೆ ಕೂತಿದ್ದೀಯಾ?"

"ಅಕ್ಕ, ನಿನ್ನ ಕಣ್ಣು ಬಂಗಾರ. ತಪ್ಪಾಯ್ತು. ಹೋಗು, ಹೋಗಿ ನನ್ನ ಕುರ್ಚೀಲಿ ಕೂತ್ಕೋ."

"ಯಾಕೆ?"

"ಕೂತ್ಕೋ ಅಂದ್ನಲ್ಲ!"

ಗೊಣಗುತ್ತಾ ಹೋಗಿ ಕೂತಳು. ತಲೆಯೆತ್ತಿದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ಸಣ್ಣ ದನಿಯಲ್ಲಿ ಕೇಳಿದಳು:

"ಇಷ್ಟು ದಿನ ನೀನೊಬ್ಬಳೇ ಇದನ್ನ ನೋಡ್ತಿದ್ದೆಯಾ?"

ನನಗೆ ಅಳು ಬಂತು, ನಗುತ್ತಲೇ.

ಹಾಗಾದರೆ ಇಟ್ಟುಕೊಳ್ಳೋಣವಾ ಅಂತ ಕೇಳಿದೆ. ಎದ್ದುಬಿಟ್ಟಳು. "ಬಣ್ಣ ಚೆನ್ನಾಗಿದೆ. ಆದ್ರೆ ನಾಳೆ ಮನೆ ಖಾಲಿ ಮಾಡಿ ಅಂದ್ರೆ ಇದನ್ನ ಯಾರು ಹೊರ್ತಾರೆ?" ಕಡ್ಡಿ ಮುರಿದ ಹಾಗೆ.

ಮಾರ್ಚ್ 13

ಕೆಲಸದಿಂದ ಬಂದರೆ ಗಂಬಳಿಯ ಒಂದು ಮೂಲೆ ಮಡಚಿ ಕುರ್ಚಿಯ ಮೇಲೆ ಹಾಕಿದೆ. ಅಕ್ಕ ಅದರ ಬೆನ್ನಿಗೆ ಸ್ಕೇಲ್ ಇಟ್ಟು, ಭೂತಗನ್ನಡಿ ಹಿಡಿದು, ತುಟಿ ಅಲ್ಲಾಡಿಸುತ್ತಿದ್ದಾಳೆ. ಮಾತಾಡಿಸಬೇಡ ಅಂತ ಕೈ ಸನ್ನೆ.

"ಒಂದು ಇಂಚಿಗೆ ಉದ್ದಕ್ಕೆ ಹತ್ತು ಗಂಟು, ಅಡ್ಡಕ್ಕೆ ಹತ್ತು. ಒಟ್ಟು ಏಳು ಲಕ್ಷ ಎಪ್ಪತ್ತೇಳು ಸಾವಿರದ ಆರುನೂರು." ಹೇಳುವಾಗ ಕೆನ್ನೆ ಕೆಂಪಗಾಗಿತ್ತು. ಗಂಬಳಿ ಅಂಗಡಿಗೆ ಫೋನ್ ಮಾಡಿ, ಒಬ್ಬರು ದಿನಕ್ಕೆ ಎಷ್ಟು ಗಂಟು ಹಾಕಬಹುದು ಅಂತಲೂ ಕೇಳಿದ್ದಾಳಂತೆ! "ಕೈ ಪಳಗಿದವರು ಆರು ಸಾವಿರ ಅಂತೆ. ನೂರಮೂವತ್ತು ದಿನ ಒಂದೇ ಕಡೆ ಕೂತಿದ್ದಾಳೆ ಕಣೇ. ಇಲ್ಲಿ ನೋಡು, ಕೊನೇ ಸಾಲಿನ ಹೂವೆಲ್ಲ ಕುಳ್ಳು. ಜಾಗ ಸಾಲದೆ ಒತ್ತಿ ತುರುಕಿದ್ದಾಳೆ."

"ನೇಯ್ದಿದ್ದು ಹೆಂಗಸು ಅಂತ ಹೇಗೆ ಹೇಳ್ತೀಯಾ?"

"ನಾನೂ ಹೀಗೇ ತಾನೇ ಟ್ರಂಕ್ ತುಂಬೋದು" ಅಂದಳು. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಹೂಂ ಅನ್ನಲಿಲ್ಲ. ಊಹೂಂ ಅಂತಲೂ ಅನ್ನಲಿಲ್ಲ.

ಮಾರ್ಚ್ 15, ಬೆಳಿಗ್ಗೆ

ಐದಕ್ಕೆ ಬರುತ್ತಾರೆ. ಅಕ್ಕನನ್ನು ಕೇಳಿದೆ. "ಬರಲಿ, ನೋಡೋಣ" ಅಂದಳು. ಬೇಡ ಅಂದರೆ ಮುಖ ಸಣ್ಣ ಮಾಡಬಾರದು. ಅವಳೂ ಈ ಮನೆಯವಳು, ಬೇಡ ಅನ್ನುವ ಹಕ್ಕಿದೆ.

ಮಾರ್ಚ್ 15, ಸಂಜೆ 6

ಓಡಿ ಬಂದರೂ ಹತ್ತು ನಿಮಿಷ ತಡ. ಬಾಗಿಲು ತೆರೆದಿತ್ತು. ಅಂಗಡಿಯವರು ಹಗ್ಗ ಹಿಡಿದು ಹೊಸಿಲಲ್ಲಿ ನಿಂತಿದ್ದರು, ಏನು ಮಾಡುವುದೋ ತಿಳಿಯದೆ. ಇಣುಕಿದೆ.

ಅಕ್ಕ ಗಂಬಳಿಯ ನಟ್ಟನಡುವೆ ಕೂತಿದ್ದಾಳೆ. ನೆಲದ ಮೇಲೆ! ಮಂಡಿ ನೋವು ಅಂತ ನೆಲಕ್ಕೆ ಕೂತು ಆರು ವರ್ಷವಾಗಿತ್ತು. ಕಾಲು ನೀಡಿಕೊಂಡು, ರಾಣಿಯ ಹಾಗೆ.

"ಸ್ವಲ್ಪ ಏಳ್ತೀರಾಮ್ಮ? ಸುತ್ಕೋತೀನಿ."

"ಏಳಲ್ಲ."

"ಅಲ್ಲಮ್ಮ, ಹತ್ತು ದಿನ ಆಯ್ತಲ್ಲ..."

"ಆಗಲಿ. ತಗೊಂಡು ಹೋಗೋದಾದ್ರೆ ನನ್ನನ್ನೂ ಸೇರಿಸಿ ಸುತ್ಕೊಂಡು ಹೋಗಿ. ನಾನು ಇಲ್ಲಿಂದ ಎಲ್ಲಿಗೂ ಹೋಗಲ್ಲ."

ಅವರು ಹಗ್ಗ ಕೆಳಗಿಟ್ಟು ನಕ್ಕರು. ನನಗೆ ನಗಲಿಕ್ಕೂ ಆಗಲಿಲ್ಲ. ಬ್ಯಾಗ್ ಹಿಡಿದು ನಿಂತೇ ಇದ್ದೆ. ಎಲ್ಲಿಗೂ ಹೋಗಲ್ಲ ಅಂದಳು. ನನ್ನ ಎದುರಿಗೇ, ಸಾಕ್ಷಿ ಇಟ್ಟುಕೊಂಡು.

ಅಂಗಡಿಯವರು ಟೀ ಕುಡಿದು ಹೋದರು. ಅಕ್ಕ ಇನ್ನೂ ಅಲ್ಲೇ ಕೂತಿದ್ದಾಳೆ. ಕೂಗುತ್ತಿದ್ದಾಳೆ, "ಲೇ, ಬರೆದಿದ್ದು ಸಾಕು, ಬಾರೇ! ನಿಜವಾಗ್ಲೂ ಏಳಕ್ಕೆ ಆಗ್ತಿಲ್ಲ!"

ಬಂದೆ ಅಕ್ಕ, ಬಂದೆ... ಇದೊಂದು ಸಾಲು —