ಕೈಗೆ ಎಟುಕದ ಬೆನ್ನು

ಜನವರಿ 9, ಗುರುವಾರ. ಬೆಳಿಗ್ಗೆ 6

ಮಳೆ 31 ಮಿ.ಮೀ. ಗಾಳಿ ವಾಯವ್ಯದಿಂದ. ಹವಾಮಾನ ಕಚೇರಿ ಬಿಟ್ಟು ಮೂರು ವರ್ಷ. ಈ ಅಳತೆ ಈಗ ಯಾರಿಗೂ ಬೇಡ. ಆದರೂ ಬರೆಯುತ್ತೇನೆ.

ಸೆಕೆ. ಬೆನ್ನು ವಿಪರೀತ ತುರಿಕೆ. ಜಗಲಿಯ ಕಂಬಕ್ಕೆ ಉಜ್ಜಿಕೊಂಡೆ, ಶರ್ಟಿನ ಮೇಲೆಯೇ. ಯಾರೂ ನೋಡಲಿಲ್ಲ. ಹೆಂಡತಿ ಮ್ಯೂರಿಯಲ್ ಗೆಣಸು ಬೇಯಿಸುತ್ತಿದ್ದಳು. ಮೊಮ್ಮಗಳು ಎಲ್ಸಿ ಎಂದಿನಂತೆ ನನ್ನ ಚಾಪೆಯಲ್ಲೇ ನಿದ್ದೆ.

ಜನವರಿ 14, ಮಂಗಳವಾರ

ಮಳೆ 8.

ಎಲ್ಸಿಯ ಕುತ್ತಿಗೆಯಲ್ಲಿ ಉಂಗುರದಂಥ ಕಲೆ. ಸ್ನಾನ ಮಾಡಿಸುವಾಗ ಸೊಸೆ ನೆಸ್ಟಾಳ ಕಣ್ಣಿಗೆ ಬಿತ್ತು. ಸೊಸೆ ಮಾವನ ಮುಖ ನೋಡಿ ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ಒಲೆಯ ಮೇಲಿನ ಪಾತ್ರೆಗೆ ಹೇಳುವ ಹಾಗೆ ಹೇಳಿದಳು.

“ಮಗು ಯಾರ ಚಾಪೆ ಮೇಲೆ ಮಲಗುತ್ತೆ ಅಂತ ಎಲ್ರಿಗೂ ಗೊತ್ತು. ಉದ್ದ ತೋಳಿನ ಶರ್ಟ್ ಹಾಕ್ಕೊಂಡ್ಬಿಟ್ರೆ ಗಜಕರ್ಣ ಹೋಗ್ಬಿಡುತ್ತಾ?”

“ಮೆಲ್ಲಗೆ ಮಾತಾಡೇ,” ಎಂದಳು ಮ್ಯೂರಿಯಲ್.

“ಮೆಲ್ಲಗೆ ಮಾತಾಡಿದ್ರೆ ವಾಸಿಯಾಗುತ್ತಾ ಅತ್ತೆ?”

ಅವಳು ಹೇಳಿದ್ದು ಸರಿ.

ಜನವರಿ 15, ಬುಧವಾರ

ಎಲ್ಸಿಯನ್ನು ಎತ್ತಿಕೊಂಡು ಕ್ಲಿನಿಕ್ಕಿಗೆ ಹೋದೆ. ಸಿಸ್ಟರ್ ಬರ್ನಿಸ್ ಮಗುವಿನ ಕುತ್ತಿಗೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಅಂಕಲ್, ಶರ್ಟ್ ತೆಗೀರಿ.”

“ನನಗಲ್ಲ, ಮಗೂಗೆ.”

“ತೆಗೀರಿ ಅಂದೆ.”

ತೆಗೆದೆ. ಎಲ್ಸಿಗೆ ಕಾಣದ ಹಾಗೆ ಪರದೆಯ ಆಚೆ ಹೋಗಿ. ಹೆಗಲಿಂದ ಸೊಂಟದವರೆಗೂ ಇದೆ. ಎಷ್ಟು ವರ್ಷದಿಂದ ಎಂದು ಕೇಳಿದಳು. ಐವತ್ತು ಎಂದೆ. ಚಿಕ್ಕವನಿದ್ದಾಗ ಎಲೆ ಅರೆದು ಹಚ್ಚಿದ್ದು, ಒಮ್ಮೆ ಸೀಮೆಎಣ್ಣೆ. ಬೋರ್ಡಿಂಗ್ ಶಾಲೆಯಲ್ಲಿ ಹುಡುಗರು ನನ್ನ ಹಾಸಿಗೆಯನ್ನು ವರಾಂಡಕ್ಕೆ ಎಸೆದಿದ್ದು… ಅದನ್ನು ಹೇಳಲಿಲ್ಲ.

“ಐವತ್ತು ವರ್ಷ ಮನೇಲೇ ಇಟ್ಕೊಂಡು ಸಾಕಿದ್ದೀರಲ್ಲ ಅಂಕಲ್!”

ಮಗುವಿಗೆ ಒಂದು ಬಾಟಲಿ ಲೋಷನ್, ನನಗೆ ಮೂರು. ಮೈ ತೊಳೆದು, ಚೆನ್ನಾಗಿ ಒರೆಸಿ, ತೆಳ್ಳಗೆ ಹಚ್ಚಬೇಕು. ಉಂಗುರದ ಅಂಚಿನಿಂದ ಎರಡು ಬೆರಳು ಆಚೆಗೂ. ದಿನಕ್ಕೆ ಎರಡು ಸಲ. ತುರಿಕೆ ನಿಂತಿತೆಂದು ಬಿಡಬಾರದು. ಬಟ್ಟೆ, ಚಾಪೆ ಬಿಸಿಲಿಗೆ.

“ಬೆನ್ನಿಗೆ ಆಂಟಿ ಕೈಲಿ ಹಚ್ಚಿಸ್ಕೊಳ್ಳಿ,” ಎಂದಳು.

ಹೂಂ ಎಂದೆ.

ಜನವರಿ 17, ಶುಕ್ರವಾರ

ಮಳೆ 0. ಸಮುದ್ರ ಶಾಂತ.

ನೆಸ್ಟಾ ಮಗುವನ್ನು ಕರೆದುಕೊಂಡು ತವರಿಗೆ, ಮಲೈಟಾ ದ್ವೀಪಕ್ಕೆ ಹೊರಟಳು. ಹಡಗುಕಟ್ಟೆಯಲ್ಲಿ ಮ್ಯೂರಿಯಲ್ ಅತ್ತಳು. ನಾನು ಗಂಟು ಹೊತ್ತಿದ್ದೆ.

“ವಾಸಿಯಾದ್ಮೇಲೆ ಬರ್ತೀವಿ ಅತ್ತೆ.” ಯಾರಿಗೆ ವಾಸಿಯಾದ ಮೇಲೆ ಎಂದು ಹೇಳಲಿಲ್ಲ.

“ತಾತ, ನಿಂಗೂ ಉಂಗುರ ಇದ್ಯಾ? ತೋರ್ಸು,” ಎಂದಳು ಎಲ್ಸಿ.

ಆಮೇಲೆ ಎಂದೆ.

ಜನವರಿ 19, ಭಾನುವಾರ

ಎದೆ, ತೋಳು, ಹೊಟ್ಟೆ — ತೊಂದರೆ ಇಲ್ಲ. ಬೆನ್ನು ಕೈಗೆ ಎಟುಕುವುದಿಲ್ಲ. ಕೋಲಿನ ತುದಿಗೆ ಬಟ್ಟೆ ಕಟ್ಟಿ ಲೋಷನ್ ಅದ್ದಿ ಪ್ರಯತ್ನಿಸಿದೆ. ಅರ್ಧ ನೆಲಕ್ಕೆ. ಎಲ್ಲಿ ತಾಗಿತು, ಎಲ್ಲಿ ಇಲ್ಲ — ಗೊತ್ತಿಲ್ಲ.

ಜನವರಿ 26, ಭಾನುವಾರ. ಮಧ್ಯಾಹ್ನ

ಸ್ನಾನದ ಮನೆಯ ತೆಂಗಿನ ಗರಿಯ ತಡಿಕೆಯ ಹಿಂದೆ ಕೋಲು ಹಿಡಿದು ನಿಂತಿದ್ದೆ. ಮ್ಯೂರಿಯಲ್ ಇಗರ್ಜಿಯಿಂದ ಬೇಗ ಬಂದಿದ್ದಳು. ಕೆಮ್ಮಲೂ ಇಲ್ಲ, ಕರೆಯಲೂ ಇಲ್ಲ. ಸೀದಾ ಒಳಗೆ ಬಂದಳು.

“ಆ ಕೋಲು ಕೊಡಿ ಇಲ್ಲಿ.”

“ಆಯ್ತು ಮುಗೀತು, ನೀನು ಹೋಗು.”

“ಕೊಡಿ ಅಂದ್ನಲ್ಲ. ತಿರುಗಿ.”

ತಿರುಗಿದೆ. ಹಗಲು ಬೆಳಕು, ನೆತ್ತಿಯ ಮೇಲೆ ಬಿಸಿಲು. ಮದುವೆಯಾಗಿ ಮೂವತ್ತಮೂರು ವರ್ಷ. ಒಮ್ಮೆಯೂ ಅವಳಿಗೆ ಬೆನ್ನು ತೋರಿಸಿದವನಲ್ಲ. ಅವಳು ನೋಡುತ್ತಾ ನಿಂತಳು. ಎಷ್ಟು ಹೊತ್ತೋ. ಗಡಿಯಾರ ಕಟ್ಟಿರಲಿಲ್ಲ.

“ಇಷ್ಟೇನಾ?” ಎಂದಳು.

ಹಿಂದೆ ಬಾಟಲಿಯ ಮುಚ್ಚಳ ತಿರುಗಿಸಿದ ಸದ್ದು.

“ನಾನೇನೋ ಅಂದ್ಕೊಂಡಿದ್ದೆ… ಇದು ನಿಮ್ಮ ಆಫೀಸಿನ ನಕ್ಷೆ ಥರಾನೇ ಇದೆ ಕಣ್ರೀ. ಇಗೋ, ಬಲಗಡೆ ವಾಯುಭಾರ ಕುಸಿತ. ಮೀನುಗಾರರು ಸಮುದ್ರಕ್ಕಿಳೀಬಾರದು.”

ನಗು ಬಂತು. ನಗುವಾಗ ಬೆನ್ನು ಅಲುಗಿತು. ಅಲ್ಲಾಡಬೇಡಿ ಎಂದು ಬೈದಳು. ಲೋಷನ್ ತಣ್ಣಗಿತ್ತು. ಅವಳ ಬೆರಳು ಒರಟು — ತೋಟದ ಕೆಲಸ. ಒಂದೊಂದು ಉಂಗುರವನ್ನೂ ಅಂಚಿನವರೆಗೆ, ಆಮೇಲೆ ಅಂಚಿನ ಆಚೆಗೆ.

ಸೊಂಟದ ಹತ್ತಿರ ಬಂದಾಗ ಕೈ ನಿಲ್ಲಿಸಿದಳು. ಹಿಂದಿನಿಂದಲೇ ಹೇಳಿದಳು.

“ಮದುವೆ ದಿನವೂ ಶರ್ಟ್ ತೆಗೀಲಿಲ್ಲ ನೀವು. ನನ್ನ ಕೈ ತಾಗೋದೇ ನಿಮಗೆ ಇಷ್ಟ ಇಲ್ಲ ಅಂದ್ಕೊಂಡಿದ್ದೆ. ಇಷ್ಟು ವರ್ಷ ಹಾಗೇ ಅಂದ್ಕೊಂಡಿದ್ದೆ.”

ನಾನು ನಾಚಿಕೆಯಿಂದ… ಎಂದು ಶುರು ಮಾಡಿದೆ.

“ಈಗ ಗೊತ್ತಾಯ್ತಲ್ಲ, ಬಿಡಿ,” ಎಂದಳು.

ಇವತ್ತು ಮಳೆ ಅಳೆಯಲಿಲ್ಲ.

ಫೆಬ್ರವರಿ 12, ಬುಧವಾರ

ಮಳೆ 22. ಹೆಗಲು ಬಹುಮಟ್ಟಿಗೆ ಸ್ವಚ್ಛ. ಬೆನ್ನ ಮಧ್ಯದಲ್ಲಿ ಹೊಟ್ಟು ಉದುರುವುದು ನಿಂತಿದೆ. ಸೊಂಟದ ಸುತ್ತ ಹಾಗೇ ಇದೆ. ಸಿಸ್ಟರ್ ಬರ್ನಿಸ್ ನೋಡಿದಳು. ಇಷ್ಟು ಹಳೆಯದಕ್ಕೆ ಲೋಷನ್ ಒಂದೇ ಸಾಲದು, ಮಾತ್ರೆಯೂ ಬೇಕು. ರಾಜಧಾನಿ ಹೊನಿಯಾರಾದಿಂದ ಬರಬೇಕು, ಯಾವ ಹಡಗಿಗೋ ಗೊತ್ತಿಲ್ಲ. ಕ್ಲಿನಿಕ್ಕಿನಲ್ಲಿ ಲೋಷನ್ನೂ ಇನ್ನೊಂದೇ ಬಾಟಲಿ ಉಳಿದಿತ್ತು. ಕೊಟ್ಟಳು.

ಮ್ಯೂರಿಯಲ್‌ಗೆ ಹೇಳಿದೆ. “ಬರ್ಲಿ ಬಿಡಿ, ಬಂದಾಗ ನುಂಗಿದ್ರಾಯ್ತು.”

ಫೆಬ್ರವರಿ 23, ಭಾನುವಾರ

ಫೋನು. ಮ್ಯೂರಿಯಲ್ ತೋಟದಲ್ಲಿ. ನಾನೇ ಎತ್ತಿದೆ. ಆ ಕಡೆ ನೆಸ್ಟಾ. ಇಟ್ಟುಬಿಡುತ್ತಾಳೆ ಎಂದುಕೊಂಡೆ.

“ಮಾವ… ಎಲ್ಸಿದು ಹೋಯ್ತು. ಕಲೇನೂ ಇಲ್ಲ.”

“ಸಂತೋಷ. ನನ್ನದು ಪೂರ್ತಿ ಹೋಗಿಲ್ಲ,” ಎಂದೆ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

“ಗೊತ್ತು. ಅತ್ತೆ ಹೇಳಿದ್ರು. ಚಾಪೆ ಬೇರೆ ಹಾಕೋಣ, ಟವೆಲ್ ಬೇರೆ. ತಾತ ತಾತ ಅಂತ ಇವಳು ನನ್ನ ತಲೆ ತಿಂತಿದ್ದಾಳೆ. ಮುಂದಿನ ವಾರದ ಹಡಗಿಗೆ ಬರ್ತೀವಿ.”

ಮದುವೆಯಾಗಿ ಬಂದ ಮೇಲೆ ಅವಳು ನೇರವಾಗಿ ನನಗೆ ಆಡಿದ ಮೊದಲ ಮಾತು.

ಮಾರ್ಚ್ 3, ಸೋಮವಾರ. ಸಂಜೆ 5

ಮಳೆ 4. ಎಲ್ಸಿ ಬರುವ ಹಡಗು ಗುರುವಾರ. ಮೊನ್ನೆಯೇ ಲೋಷನ್ ಮುಗಿಯಿತು. ಬಾಟಲಿ ಕತ್ತರಿಸಿ ಒಳಮೈಗೆ ಅಂಟಿದ್ದನ್ನೂ ಸವರಿದ್ದಾಯಿತು. ಮಾತ್ರೆ ಬಂದಿಲ್ಲ.

ಈಗ ಮ್ಯೂರಿಯಲ್ ಜಗಲಿಗೆ ಬಂದು ನನ್ನ ಹಿಂದೆ ಕೂತಿದ್ದಾಳೆ.

“ಶರ್ಟ್ ತೆಗೀರಿ.”

ಲೋಷನ್ ಮುಗಿದಿದೆಯಲ್ಲ ಎಂದೆ.

“ಗೊತ್ತು ನಂಗೆ,” ಎನ್ನುತ್ತಿದ್ದಾಳೆ. “ಅದೇನು ಬರೀತಿದ್ದೀರೋ, ಸಾಕು, ಇಡಿ ಆ ಪೆನ್ನು…”