ಅವ್ವ ಅಡಗಿದ್ದ ಜಾಗ

ಬಾಫಿನ್ ದ್ವೀಪ
9 ಏಪ್ರಿಲ್ 2016

ನನ್ನ ಅವ್ವ ಕೌನಾಕಳಿಗೆ,

ನಿನ್ನ ಅರವತ್ತೆಂಟು ವರ್ಷದ ಮಗಳು ಊಲಿಪೀಕಾ ಬರೆಯುತ್ತಿದ್ದೇನೆ. ನೀನು ಹುಟ್ಟಿದಾಗ ನನ್ನ ಹೆತ್ತವಳ ಹೆಸರನ್ನು ನಿನಗಿಟ್ಟೆವು. ಅಂದಿನಿಂದ ಮೊಮ್ಮಗಳಾದ ನೀನೇ ನನಗೆ ಅವ್ವ. ಐದು ವರ್ಷದವಳಿದ್ದಾಗಲೇ ಸೊಂಟಕ್ಕೆ ಕೈಯಿಟ್ಟು, "ಏ ಮಗಳೇ, ಮೂಗು ಒರೆಸ್ಕೊಂಡು ಊಟಕ್ಕೆ ಬಾ" ಎಂದು ನನ್ನನ್ನು ಗದರಿಸುತ್ತಿದ್ದೆ. ಈಗ ಆ ಗದರಿಕೆ ಇಲ್ಲದೆ ಮನೆ ಬಿಕೋ ಎನ್ನುತ್ತಿದೆ.

ನಿನ್ನ ಮಗ ಜೊವಾನಾಸಿಯ ಎದೆಯ ಎಕ್ಸ್-ರೇ ಚಿತ್ರದಲ್ಲಿ ಕ್ಷಯದ ಕಲೆ ಇದೆ, ಕೂಸನ್ನು ದಕ್ಷಿಣದ ಆಸ್ಪತ್ರೆಗೆ ಕಳಿಸಬೇಕು ಎಂದು ಡಾಕ್ಟರು ಹೇಳಿದ ಸಂಜೆಯೇ ನೀನು ಅವನನ್ನು ಬೆನ್ನಿಗೇರಿಸಿಕೊಂಡು ಕೊಲ್ಲಿಯಾಚೆಯ ನಮ್ಮ ಮೀನಿನ ಗುಡಿಸಲಿಗೆ ಹೋದೆ. ಇಂದಿಗೆ ಒಂಬತ್ತು ದಿನ. ಹಿಮಬಂಡಿಗೆ ಪೆಟ್ರೋಲ್ ತುಂಬಿಕೊಟ್ಟವಳು ನಾನೇ. ಕ್ಷಯ ಯಾರಿಂದ ಯಾರಿಗೆ ಹೋಯಿತೆಂದು ಮನೆಮನೆ ಕೇಳುತ್ತ ತಿರುಗುವ ನಮ್ಮ ಅಲೂಕಿ ದಿನಾ ಬರುತ್ತಾಳೆ. ಸೀಲ್ ಬೇಟೆಗೆ ಹೋಗಿದ್ದಾಳೆ ಎಂದೆ. "ಹಾಲು ಕುಡಿಯೋ ಕೂಸು ಕಟ್ಕೊಂಡು ಇಷ್ಟು ದಿನ ಬೇಟೆನಾ? ಊರಿಗೆಲ್ಲ ಮಾಂಸ ಹಂಚ್ಬೇಕಿತ್ತಲ್ಲ ಅಜ್ಜಿ" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಅವ್ವಾ, ಹಡಗಿನ ಕಥೆ ಕೇಳಿ ಬೆಳೆದವಳು ನೀನು. ನನಗಾಗ ಏಳು ವರ್ಷ. ಎಲ್ಲರನ್ನೂ ಹಡಗು ಹತ್ತಿಸಿ ಎದೆಯ ಚಿತ್ರ ತೆಗೆಯುತ್ತಿದ್ದರು. ಕಲೆ ಕಂಡವರನ್ನು ಮತ್ತೆ ದಡಕ್ಕೆ ಬಿಡುತ್ತಿರಲಿಲ್ಲ. ನನ್ನ ಹೆತ್ತವ್ವ ಕೆಮ್ಮುತ್ತಿದ್ದಳು. ಹಡಗು ಕಂಡೊಡನೆ ಗುಡ್ಡದ ಹಿಂದಿನ ಬಂಡೆಗಳ ನಡುವೆ ಅಡಗಿದಳು. ಅಲ್ಲಿಂದ ಅವಳನ್ನು ಹಿಡಿದೊಯ್ದರು, ದಕ್ಷಿಣದಲ್ಲೇ ತೀರಿಕೊಂಡಳು, ಎಲ್ಲಿ ಹೂತರೋ ತಿಳಿಯದು. ಇಷ್ಟನ್ನು ನೂರು ಸಲ ಹೇಳಿದ್ದೇನೆ. ಹೇಳದೆ ಉಳಿಸಿಕೊಂಡದ್ದು ಒಂದಿದೆ. ಹಡಗಿನವರ ದುಭಾಷಿ ನನಗೆ ಬಿಸ್ಕತ್ತು ಕೊಟ್ಟು, "ಪುಟ್ಟಿ, ನಿಮ್ಮವ್ವ ಆ ಬಂಡೆ ಹಿಂದೆ ಇದಾಳಾ?" ಎಂದು ಕೇಳಿದ್ದ. ಬಾಯಿ ತುಂಬ ಬಿಸ್ಕತ್ತಿತ್ತು. ಹೌದೆಂದು ಹುಬ್ಬೆತ್ತಿದೆ.

ಅಂದಿನಿಂದ, ಯಾರಾದರೂ ಪುಸ್ತಕ ಹಿಡಿದು ಬಂದು ಕೇಳಿದರೆ ಇಲ್ಲ ಎನ್ನುವುದನ್ನು ಕಲಿತೆ. ಹೋದ ಚಳಿಗಾಲದಲ್ಲಿ ಅಲೂಕಿ "ಕೆಮ್ಮು ಏನಾದ್ರೂ ಇದೆಯಾ ಅಜ್ಜಿ?" ಎಂದಾಗಲೂ ಮೂಗು ಮುದುರಿ ಇಲ್ಲ ಎಂದೆ. ಕೆಮ್ಮಿತ್ತು. ರಾತ್ರಿ ದಿಂಬಿಗೆ ಬಾಯೊತ್ತಿ ಕೆಮ್ಮುತ್ತಿದ್ದೆ. ಬೆಳಗಾದರೆ ಜೊವಾನಾಸಿಯ ಕೆನ್ನೆಗೆ ಮೂಗೊತ್ತಿ ಅವನ ಉಸಿರು ಎಳೆದುಕೊಳ್ಳುತ್ತಿದ್ದೆ. ನೀನು ಹೋದ ಮೇಲೆ ಅಲೂಕಿಯ ಡಬ್ಬಿಗೆ ಕಫ ಉಗುಳಿ ಕೊಟ್ಟೆ. ರೋಗ ನನ್ನಲ್ಲೇ ಇದೆ. ಹೆತ್ತವ್ವನ ಮಗ್ಗುಲಲ್ಲಿ ಮಲಗುತ್ತಿದ್ದ ಕಾಲದಿಂದ ಎದೆಯೊಳಗೆ ನಿದ್ದೆ ಹೋಗಿತ್ತಂತೆ, ಮುಪ್ಪಿನಲ್ಲಿ ಎದ್ದಿತಂತೆ. ಕೂಸಿಗೆ ಬಂದದ್ದು ನನ್ನಿಂದ. ನೀನು ಓಡಿಹೋದದ್ದೂ ನನ್ನ ಕಥೆ ಕೇಳಿ ಕೇಳಿ ಹೆದರಿದ್ದರಿಂದ.

ಅಲೂಕಿ ನಿನ್ನೆ ನಗಲಿಲ್ಲ. "ದೊಡ್ಡೋರಿಗಾದ್ರೆ ಟೈಮ್ ಇರತ್ತೆ ಅಜ್ಜಿ. ಕೂಸುಗಳಿಗೆ ಇದು ಮಿದುಳಿಗೆ ಏರಿಬಿಡತ್ತೆ, ಆಮೇಲೆ ಯಾರ ಕೈಲೂ ಆಗಲ್ಲ" ಎಂದಳು. ತಾಯಿಯನ್ನು ಬಿಟ್ಟು ಮಗುವನ್ನಷ್ಟೇ ಒಯ್ದರೆ ಎಂದು ಕೇಳಿದೆ. "ಒಂದೇ ವಿಮಾನ, ಒಂದೇ ಕೋಣೆ. ಬರೆಸ್ಕೊಂಡಿದೀನಿ" ಎಂದಳು. ಮೂರು ಸಲ ಹೇಳಿಸಿದೆ. ಮೂರನೆಯ ಸಲ ಅವಳಿಗೆ ಸಿಟ್ಟು ಬಂತು, ಆಗ ನಂಬಿದೆ.

ಒಣಮೀನು ಕಳಿಸಿದ್ದೇನೆ, ಕೂಸಿಗೆ ನರಿತುಪ್ಪಳದ ಟೋಪಿ. ಅದನ್ನು ಹೊಲಿಯುವಾಗ ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದೆ, ಆದರೂ ಎರಡು ದಿನ ಬಿಸಿಲಿಗೆ ಹಾಕು. ದಿನಾ ಅಲೂಕಿಯ ಕಣ್ಣೆದುರೇ ಮಾತ್ರೆ ನುಂಗುತ್ತಿದ್ದೇನೆ. ನೀವು ವಿಮಾನಕ್ಕೆ ಹೊರಡುವಾಗ ನಾನು ಹತ್ತಿರ ಬರುವಂತಿಲ್ಲ. ಕಿಟಕಿಯ ಬಳಿ ನಿಂತಿರುತ್ತೇನೆ. ಒಮ್ಮೆ ಅವನನ್ನು ಎತ್ತಿ ತೋರಿಸು.

ನಿನ್ನ ಮಾತು ಕೇಳದ ಮಗಳು,
ಊಲಿಪೀಕಾ

ಮರೆತೆ: ಈ ಕಾಗದವನ್ನು ನಿನ್ನ ಕೈಗೆ ಕೊಟ್ಟವಳೇ ಅಲೂಕಿ. ಬೆಳಿಗ್ಗೆ ಬಂದು, "ಮೀನಿನ ಗುಡಿಸಲಲ್ಲಿದಾಳಾ ಅಜ್ಜಿ?" ಎಂದು ಕೇಳಿದಳು. ಈ ಸಲ ಬಾಯಲ್ಲಿ ಬಿಸ್ಕತ್ತಿರಲಿಲ್ಲ. ಆದರೂ ಹೌದೆಂದು ಹುಬ್ಬೆತ್ತಿದೆ. ಚಳಿಯಲ್ಲಿ ಬಂದಿದ್ದಾಳೆ, ಮೊದಲು ಅವಳಿಗೆ ಚಹಾ ಕೊಡು. ಆಮೇಲೆ ನನ್ನನ್ನು ಬೈಯಿ.