ಗ್ರೀಸ್ ಗನ್ ಯಾರ ಕೈಗೆ?

ಫೆಬ್ರವರಿ 9, ಬೆಳಿಗ್ಗೆ

ಎಂದಿನಂತೆ ಗ್ರೀಸ್. ಬಕೆಟ್ಟಿನ ಕೀಲುಗಳಲ್ಲಿ ಪಿನ್ನಿನ ಸುತ್ತ ಹಳೆಯ ಕರಿ ಗ್ರೀಸ್ ಹೊರಬಿದ್ದು ಹೊಸದು ಇಣುಕುವವರೆಗೂ ಗನ್ ಒತ್ತಬೇಕು. ಮದುವೆಯಾದಾಗಿನಿಂದ ಈ ಜೆಸಿಬಿಯ ಎಣ್ಣೆ, ಗ್ರೀಸ್ ನನ್ನದು, ಸೀಟು ಯಜಮಾನರದು. ಲೈಸೆನ್ಸ್ ನನಗೂ ಇದೆ — ಬೀರುವಿನಲ್ಲಿ, ಬಟ್ಟೆಗಳ ಕೆಳಗೆ ಬೆಚ್ಚಗೆ.

ಸಂಜೆ

ಇವರು ಬಚ್ಚಲಲ್ಲಿ ಜಾರಿ ಬಿದ್ದರು. ಬಲಗೈ ಮುರಿದಿದೆ. ಇಷ್ಟು ವರ್ಷ ಗುಂಡಿ ತೋಡಿಯೂ ಕೂದಲು ಕೊಂಕದವರು ಸೋಪಿಗೆ ಸೋತರು! ನಗಬಾರದು. ನಕ್ಕೆ. ಪಾಪ, ಅವರೂ ನಕ್ಕರು.

ಫೆಬ್ರವರಿ 11

ನಮ್ಮ ಬೀದಿಯಲ್ಲಿ ನೀರಿನ ಪೈಪ್ ಹೂಳಲು ಟ್ರೆಂಚ್ ತೋಡಬೇಕು. ಬೇರೆ ಆಪರೇಟರ್ ಸಿಗಲಿಲ್ಲ. ಹಾಳೂರಿಗೆ ಉಳಿದವಳೇ ಗೌಡತಿ — ಹತ್ತಿ ಕೂತೆ. ಇವರದು ಜಗಲಿಯಿಂದ ಕಾಮೆಂಟರಿ.

ಮೊದಲ ಬಕೆಟ್ಟಿಗೇ ಗಾಡಿ ವಾಲಿತು.

"ಇಲ್ಲಿ ನೆಲಾನೇ ಸರಿಯಿಲ್ಲ ರೀ!"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಎಡಗಾಲು ಗಟ್ಟಿಯಾಗಿ ಊರಿಲ್ಲ, ನೋಡೇ!"

ನಿಜ. ಹಿಂಬದಿಯ ಎರಡು ಕಬ್ಬಿಣದ ಕಾಲುಗಳಲ್ಲಿ ಎಡದ್ದು ಮಣ್ಣಿಗೆ ತಾಗಿತ್ತಷ್ಟೇ. ಒತ್ತಿದೆ. ನೆಟ್ಟಗಾಯಿತು.

ಫೆಬ್ರವರಿ 16

ಲಿವರ್ ಎಳೆದಾಡಬಾರದು, ಬೆರಳಲ್ಲೇ ಮಾತಾಡಿಸಬೇಕು. ಆಸೆಬುರುಕರ ಹಾಗೆ ಆಳಕ್ಕೆ ಬಾಯಿ ಹಾಕಿದರೆ ಎಂಜಿನ್ ನರಳುತ್ತದೆ. ತೆಳ್ಳಗೆ ಕೆರೆದುಕೊಂಡು ಬಂದರೆ ಬಕೆಟ್ ತಾನೇ ತುಂಬುತ್ತದೆ. ಕೆಲಸ ಮುಗಿದ ಮೇಲೆ ಬಕೆಟ್ ನೆಲಕ್ಕಿಳಿಸಿ, ಎಂಜಿನ್ ಸ್ವಲ್ಪ ಹೊತ್ತು ಸುಮ್ಮನೆ ಓಡಿಸಿ, ಆಮೇಲೆ ಆಫ್.

"ಅದಕ್ಕೂ ಉಸಿರು ತಗೊಳ್ಳೋಕೆ ಬಿಡೇ" ಅಂತಾರೆ. ನನಗೆ ಒಂದು ದಿನವೂ ಹಾಗೆ ಅಂದವರಲ್ಲ!

ಪೈಪ್ ಕೆಲಸದ ಮೇಸ್ತ್ರಿ ಟ್ರೆಂಚಿನೊಳಗೆ ಬಗ್ಗಿ ನೋಡಿ, "ಯಜಮಾನ್ರಿಗಿಂತ ನೀಟು, ಅಕ್ಕ" ಅಂದ. ಜೋರಾಗಿ ಹೇಳಪ್ಪಾ, ಜಗಲಿಗೆ ಕೇಳಲಿ!

ಮಾರ್ಚ್ 30

ನಾಳೆಯಿಂದ ಗಾಡಿ ಓಡಿಸಬಹುದು ಅಂದರು ಡಾಕ್ಟರು. ಖುಷಿ. ಆದರೆ... ನನ್ನ ಸೀಟು ಹೋಯಿತು. ಇವರ ಕೈಯೂ ವಾಸಿಯಾಗಲಿ, ಸೀಟೂ ಉಳಿಯಲಿ ಅಂದರೆ ಅತ್ಯಾಸೆಯೇ? ಆಗಲಿ. ಬೇಕು ನನಗೆ.

ಮಾರ್ಚ್ 31

ಇವರು ಮಹಾರಾಜರಂತೆ ಸೀಟು ಏರಿದರು. ನಾನು ಗ್ರೀಸ್ ಗನ್ ಹಿಡಿದು ಕೆಳಗೆ. ಒಂದು ಗುಂಡಿ ತೋಡಿ ಮುಂದೆ ಹೊರಟರು — ಮೇಸ್ತ್ರಿ ಜೊತೆ ಹರಟುತ್ತಾ, ಗಾಡಿಯ ಕಾಲು ಎತ್ತದೆಯೇ! ಕಿರ್ರೋ ಎಂದು ರಸ್ತೆ ಕೆರೆಯಿತು.

"ರೀ! ಮೊದಲು ಕಾಲೆತ್ರೀ!"

ಬೀದಿಗೆ ಬೀದಿಯೇ ನಕ್ಕಿತು. ಇಳಿದು ಬಂದರು. ಬೈಗುಳಕ್ಕೆ ಕಾದೆ. ನನ್ನ ಕೈಯಿಂದ ಗ್ರೀಸ್ ಗನ್ ತೆಗೆದುಕೊಂಡು, ಅದೇ ಕೈಯಲ್ಲಿ ಗಾಡಿಯ ಕೀ ಇಟ್ಟರು.

"ಜಗಲೀಲಿ ಕೂತು ನೋಡಿದೀನಿ. ನಿನ್ನ ಕೈ ಚೆನ್ನಾಗಿದೆ ಕಣೇ. ಇನ್ಮೇಲೆ ಒಂದಿನ ನೀನು, ಒಂದಿನ ನಾನು."

"ಗ್ರೀಸು?"

"ಸೀಟಲ್ಲಿ ಇಲ್ಲದೋರು."

ಅಯ್ಯೋ, ಅಲ್ಲೇ ಕುಣಿದುಬಿಡಬೇಕು ಅನ್ನಿಸಿತು.

ಏಪ್ರಿಲ್ 2, ಬೆಳಿಗ್ಗೆ

ಇವತ್ತು ನನ್ನ ಪಾಳಿ. ಕಿಟಕಿಯಿಂದ ಕಾಣುತ್ತಿದೆ — ಇವರು ಗಾಡಿ ಪಕ್ಕ ಕುಕ್ಕರಗಾಲಲ್ಲಿ ಕೂತು ಗ್ರೀಸ್ ಒತ್ತುತ್ತಿದ್ದಾರೆ. ಮೂಗಿನ ಮೇಲೂ ಗ್ರೀಸ್. ಬಕೆಟ್ ಹಿಂದಿನ ಪಿನ್ ಮರೆತರು. ಹೇಳಲೋ ಬೇಡವೋ... "ಬಾರೇ ಆಪರೇಟ್ರಮ್ಮಾ, ಹೊತ್ತಾಯ್ತು!" ಅಂತ ಕೂಗುತ್ತಿದ್ದಾರೆ. ಬಂದೆ, ಬಂದೆ, ಮೊದಲು ಆ ಪಿನ್ —